ಜೀಪಿನ ಮೇಲಿನ ಹೆಸರು: ಸಂಪಾದಕರ ಉತ್ತರ

ಮಾನ್ಯರೇ,

1980ರ ಜುಲೈ 21ರಂದು, ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆದ ದಿನ, ನಿಮ್ಮ ತಂದೆಯವರು ಮೆರವಣಿಗೆಯಲ್ಲಿದ್ದರೆಂದು ನೀವೂ, ಹೆಸರುಕಾಳಿನ ಹೊಲದಲ್ಲಿ ಎಡೆ ಹೊಡೆಯುತ್ತಿದ್ದರೆಂದು ನಿಮ್ಮ ಅಣ್ಣನವರೂ ವಾದಿಸುತ್ತಿದ್ದೀರಿ. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಎಂದು ಕೇಳಿದ್ದೀರಿ. ಯಾರೂ ಅಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಖಚಿತ ದನಿಯನ್ನು ಸಾಕ್ಷಿಯೆಂದು ಒಪ್ಪಲಾರೆ, ಅದಕ್ಕೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ.

ಅಂದು ನಿಂತಿದ್ದ ಜೀಪಿನ ಮೇಲೆ ‘ಜಿಲ್ಲಾಧಿಕಾರಿ, ಗದಗ’ ಎಂದಿದ್ದುದನ್ನು ಹನ್ನೆರಡು ವರ್ಷದ ಹುಡುಗನಾಗಿದ್ದ ನೀವು ಕಣ್ಣಾರೆ ಓದಿದ್ದಾಗಿ ಬರೆದಿದ್ದೀರಿ. ಗದಗ ಜಿಲ್ಲೆಯಾದದ್ದು 1997ರಲ್ಲಿ. 1980ರಲ್ಲಿ ನರಗುಂದವೂ ನವಲಗುಂದವೂ ಧಾರವಾಡ ಜಿಲ್ಲೆಯಲ್ಲಿದ್ದವು. (ನಾವೂ ಮೊದಲ ಓದಿನಲ್ಲಿ ಆ ಸಾಲನ್ನು ಹಾಗೆಯೇ ದಾಟಿ ಹೋಗಿದ್ದೆವು.) ಜೀಪು ನಿಂತಿದ್ದಿರಬಹುದು, ಆದರೆ ಅದರ ಮೇಲಿನ ಹೆಸರನ್ನು ನಿಮ್ಮ ನೆನಪು ಮುಂದೆಂದೋ ಬರೆದುಕೊಂಡಿದೆ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿಯೂ ಹೀಗೆಯೇ ಆಗಿತ್ತು: ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿದ ಇಂಗ್ಲಿಷರು ಅದನ್ನು ಮತ್ತೆ ಹೇಳುವಾಗ, ಸೀಲ್ ಬೇಟೆಯು ಮೀನುಗಾರಿಕೆಯಾಗಿ ತಮಗೆ ಪರಿಚಿತವಾದ ರೂಪಕ್ಕೆ ಇಳಿದಿತ್ತು.

ಕಣ್ಣಾರೆ ಕಂಡದ್ದು ಎಂಬ ಮಾತಿಗೂ ಇದೇ ಗತಿ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನವೇ, ಆ ಸುದ್ದಿ ಎಲ್ಲಿ, ಹೇಗೆ ತಿಳಿಯಿತೆಂದು ಮನೋವಿಜ್ಞಾನಿ ಅಲ್ರಿಕ್ ನೈಸರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಬರೆಸಿಟ್ಟರು. ಸುಮಾರು ಎರಡೂವರೆ ವರ್ಷದ ನಂತರ ಮತ್ತೆ ಕೇಳಿದಾಗ 44 ಜನರಲ್ಲಿ 11 ಜನರ ಉತ್ತರ ಪೂರ್ತಿ ತಪ್ಪಾಗಿತ್ತು. ಅವರದೇ ಕೈಬರಹವನ್ನು ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ.

ಇನ್ನು ನಿಮ್ಮ ಮನೆಯ ವ್ಯಾಜ್ಯ. ಒಂದು ಗುಂಪಿನ ಕೆಲವು ಸಂಗತಿಗಳನ್ನಷ್ಟೇ ಪದೇಪದೇ ನೆನೆಯುತ್ತಿದ್ದರೆ, ಅದೇ ಗುಂಪಿನ ಮಿಕ್ಕವು ಮರೆಗೆ ಸರಿಯುತ್ತವೆಂದು 1994ರ ಒಂದು ಅಧ್ಯಯನ ತೋರಿಸಿದೆ. ಪ್ರತಿ ವರ್ಷ ಹುತಾತ್ಮ ರೈತರ ದಿನದಂದು ನೀವು ಮೆರವಣಿಗೆಯ ಮಾತನ್ನೇ ಆಡಿದ್ದೀರಿ; ಆ ವರ್ಷ ಓದು ಬಿಟ್ಟು ಹೊಲಕ್ಕೆ ಇಳಿದ ಅಣ್ಣನವರು ಅಂದಿನ ದುಡಿಮೆಯನ್ನೇ ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮುಂಜಾನೆ ಎಡೆ ಹೊಡೆದ ತಂದೆ ಊಟವಾದ ಮೇಲೆ ಪೇಟೆಗೆ ಹೋಗಿರಬಾರದೇಕೆ? ಅರ್ಧರ್ಧ ದಿನವನ್ನು ಇಬ್ಬರೂ ಉಳಿಸಿಕೊಂಡು ಇನ್ನರ್ಧವನ್ನು ಕಳೆದುಕೊಂಡಿರುವ ಸಾಧ್ಯತೆಯೇ ನನಗೆ ಹೆಚ್ಚಾಗಿ ಕಾಣುತ್ತದೆ.

ಆ ದಿನದ ಬಗ್ಗೆ ಲೇಖನವನ್ನು ಬರೆದು ಕಳಿಸುವುದಾಗಿ ಹೇಳಿದ್ದೀರಿ, ಸಂತೋಷ. ನೀವೂ ಅಣ್ಣನವರೂ ಒಬ್ಬರದನ್ನೊಬ್ಬರು ಓದದೆ ಬೇರೆಬೇರೆಯಾಗಿ ಬರೆಯಿರಿ, ಸಾಧ್ಯವಾದರೆ ತಾಯಿಯವರ ಮಾತನ್ನೂ ಕೇಳಿ ಬರೆದುಕೊಳ್ಳಿರಿ. ಮೂರನ್ನೂ ಅಕ್ಕಪಕ್ಕದಲ್ಲಿ ಅಚ್ಚುಹಾಕುತ್ತೇವೆ. ಜೀಪಿನ ಸಾಲನ್ನು ಮಾತ್ರ ದಯವಿಟ್ಟು ತಿದ್ದಬೇಡಿ.

— ಸಂಪಾದಕ