ಗಾಳ ಹಾಕಿ ಮುಖ ಸುಟ್ಟುಕೊಂಡವರು ಲಿಂಬು ಮುಟ್ಟಬೇಡಿ

ತಮ್ಮಾ, ಉಳಿದದ್ದು ಆಮೇಲೆ ಓದು. ಮೊದಲು ಎದ್ದು ಹೋಗಿ ಮುಖದ ಮೇಲಿನ ಲಿಂಬು ತೊಳೆದು ಬಾ. ಉಜ್ಜಬೇಡ, ಸುಮ್ನೆ ನೀರು ಹೊಯ್ದುಕೋ.

ಭಾನುವಾರ ಕಾರವಾರ ಹತ್ತಿರದ ಮಾಜಾಳಿಯಲ್ಲಿ ಒಂಬತ್ತರಿಂದ ಎರಡರ ತನಕ ಬಿಸಿಲಲ್ಲಿ ಗಾಳ ಹಾಕಿ ಕೂತೆ, ಮುಖ ಕೆಂಪಾಗಿ ಉರೀತಾ ಇದೆ, ಲಿಂಬು, ಮೊಸರು, ಕಡಲೆ ಹಿಟ್ಟು ಕಲಸಿ ಹಚ್ಚಿದ್ದೇನೆ, ನಾಳೆ ಬೆಳಿಗ್ಗೆ ಇನ್ನೊಮ್ಮೆ ಹಚ್ಚಿ ಕೆಲಸಕ್ಕೆ ಹೋಗುತ್ತೇನೆ ಅಂತ ನಮ್ಮ ಗುಂಪಿನಲ್ಲಿ ಬರೆದಿದ್ದೀಯ. ಕೆಳಗೆ ನಾಲ್ಕು ಜನ "ಒಳ್ಳೇದು, ಕಪ್ಪು ಹೋಗ್ತದೆ" ಅಂದಿದ್ದಾರೆ. ಹೋಗೋದಿಲ್ಲ. ಬರ್ತದೆ.

ನಾನೂ ಇದನ್ನೇ ಮಾಡಿದ್ದೆ. ಕಾಳಿ ನದಿಯ ಹಳೇ ಸೇತುವೆ ಇನ್ನೂ ನಿಂತಿದ್ದ ಕಾಲ. ಏಪ್ರಿಲ್ ತಿಂಗಳು, ಸೇತುವೆಯ ಹತ್ತಿರ ದೋಣಿಯಲ್ಲಿ ಅರ್ಧ ದಿನ ಕೂತಿದ್ದೆ. ಸಂಜೆ ಹೊತ್ತಿಗೆ ಮುಖ ಕಾದ ಕಾವಲಿ. ಮರುದಿನ ಬೆಳಿಗ್ಗೆ ಅರ್ಧ ಲಿಂಬು ತಗೊಂಡು ಸಿಪ್ಪೆ ಸಮೇತ ಹಣೆ, ಕೆನ್ನೆಗೆ ತಿಕ್ಕಿದೆ. ಅದು ಒಣಗುವ ಮೊದಲೇ ಸ್ಕೂಟರ್ ಹತ್ತಿ ಸದಾಶಿವಗಡಕ್ಕೆ ಹೋದೆ. ಆ ದಿನ ಏನೂ ಆಗಲಿಲ್ಲ. ಮರುದಿನ ರಾತ್ರಿ ತುರಿಕೆ, ಉರಿ. ಅದರ ಮರುದಿನ ಕನ್ನಡಿ ನೋಡಿದರೆ ಕಿವಿ ಪಕ್ಕದಿಂದ ದವಡೆ ತನಕ, ರಸ ಇಳಿದ ದಾರಿಯಲ್ಲೇ, ಒಂದು ಕೆಂಪು ಗೆರೆ. ಗೆರೆ ಮೇಲೆ ನೆನೆಸಿದ ಸಾಬಕ್ಕಿ ಕಾಳಿನಂಥ ಗುಳ್ಳೆಗಳು. ಡಾಕ್ಟರು ಆ ಗೆರೆ ನೋಡಿ ಕೇಳಿದ ಮೊದಲ ಮಾತೇ "ಲಿಂಬು ಹಚ್ಚಿದ್ರಾ?" ಅಂತ. ಗುಳ್ಳೆ ಹತ್ತು ದಿನಕ್ಕೆ ಒಣಗಿತು. ಕಂದು ಗೆರೆ ಮಾತ್ರ ಚವತಿ ಬಂದರೂ ಇತ್ತು.

ಕಾರಣ ಹುಳಿ ಒಂದೇ ಅಲ್ಲ. ಲಿಂಬುವಿನಲ್ಲಿ, ರಸಕ್ಕಿಂತ ಸಿಪ್ಪೆಯಲ್ಲಿ ಜಾಸ್ತಿ, ಸೋರಲಿನ್ ಜಾತಿಯ ವಸ್ತು ಇದೆ. ಅದು ಚರ್ಮಕ್ಕೆ ಹತ್ತಿದ ಮೇಲೆ ಬಿಸಿಲು ಬಿದ್ದರೆ ಸುಡುತ್ತದೆ. ಬಾವಂಚಿ ಬೀಜದಲ್ಲಿ ಇರುವುದೂ ಇದೇ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುತ್ತಾರಲ್ಲ, ಅದು ಚರ್ಮಕ್ಕೆ ಬಣ್ಣ ಬರಲಿ ಅಂತಲೇ. ನೀನು ಬಣ್ಣ ಹೋಗಲಿ ಅಂತ ಅದೇ ಕೆಲಸ ಮಾಡುತ್ತಿದ್ದೀಯ. ಕಡಲೆ ಹಿಟ್ಟಂತೂ ಸುಟ್ಟ ಚರ್ಮಕ್ಕೆ ಮರಳು ಕಾಗದ ಇದ್ದ ಹಾಗೆ.

ಈಗ ನನಗೆ ಆಗಿಬಂದದ್ದು ಹೇಳುತ್ತೇನೆ. ಹಳೇ ಪಂಚೆ. ತೊಳೆದು ತೊಳೆದು ಮೆತ್ತಗಾದದ್ದೇ ಬೇಕು, ಟವೆಲ್ ಬೇಡ, ಅದರ ಎಳೆ ಚುಚ್ಚುತ್ತದೆ. ನಾಲ್ಕು ಮಡಿಕೆ ಮಾಡಿ ಬಾವಿ ನೀರಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಮಾತ್ರ ಹಿಂಡಿ ಮುಖದ ಮೇಲೆ ಹಾಸು. ಮೂಗಿಗೆ ಜಾಗ ಬಿಡು. ಎರಡು ಮೂರು ನಿಮಿಷಕ್ಕೆ ಬಟ್ಟೆಯೇ ಬಿಸಿಯಾಗುತ್ತದೆ, ಅಷ್ಟು ಕಾವು ಎಳೆಯುತ್ತದೆ. ತೆಗೆದು ಮತ್ತೆ ಅದ್ದು. ಹೀಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಫ್ರಿಜ್ಜಿನ ಐಸು ನೇರ ಇಡಬೇಡ, ಸುಟ್ಟ ಚರ್ಮ ಅದಕ್ಕೂ ಸುಡುತ್ತದೆ. ಬಿಸಿಲಿನ ಸುಡು 12ರಿಂದ 24 ಗಂಟೆಯೊಳಗೆ ಏರುತ್ತಲೇ ಇರುತ್ತದೆ. ಹಾಗಾಗಿ ನಿನ್ನೆಗಿಂತ ಇವತ್ತು ಜಾಸ್ತಿ ಆಯಿತು ಅಂತ ಗಾಬರಿಯಾಗಿ ಸಿಕ್ಕಿದ್ದೆಲ್ಲ ಬಳಿಯಬೇಡ.

ಬಟ್ಟೆ ತೆಗೆದ ಮೇಲೆ ಒರೆಸಬೇಡ. ಹಸಿ ಇರುವಾಗಲೇ ಲೋಳೆಸರ. ಎಲೆ ಕೊಯ್ದ ಕೂಡಲೇ ಹಚ್ಚುವವರು ಬಹಳ ಜನ, ಅದು ತಪ್ಪು. ಕೊಯ್ದ ಬುಡ ಕೆಳಗೆ ಮಾಡಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸು. ಹಳದಿ ರಸ ಇಳಿಯುತ್ತದೆ, ತುರಿಕೆ ತರುವುದು ಅದೇ. ಆಮೇಲೆ ತೊಳೆದು, ಸಿಪ್ಪೆ ಸುಲಿದು, ಒಳಗಿನ ನೀರು ಬಣ್ಣದ ಲೋಳೆ ಮಾತ್ರ. ಅದನ್ನೂ ಮೊದಲು ಮೊಣಕೈ ಒಳಗಡೆ ಹಚ್ಚಿ ನೋಡು, ಕೆಲವರಿಗೆ ಆಗಿಬರೋದಿಲ್ಲ. ಅಂಗಡಿಯ ಕಡು ಹಸಿರು, ಘಮಘಮ ಜೆಲ್ ನನಗೆ ಬೇಡವೇ ಬೇಡ. ಕ್ಯಾಲಮೈನ್ ಅಡ್ಡಿಲ್ಲ, ಆದರೆ ಒಣ ಚರ್ಮದವರಿಗೆ ಇನ್ನಷ್ಟು ಬಿಗಿಯುತ್ತದೆ.

ಎಣ್ಣೆ, ತುಪ್ಪ, ವ್ಯಾಸಲೀನ್ ಯಾವುದೂ ಮೊದಲ ಎರಡು ದಿನ ಬೇಡ, ಕಾವು ಒಳಗೇ ನಿಲ್ಲುತ್ತದೆ. ನಾಲ್ಕೈದು ದಿನಕ್ಕೆ ಸಿಪ್ಪೆ ಏಳಲು ಶುರುವಾದಾಗ ಶಿರಸಿ ಕಡೆಯ ಮುರುಗಲು ತುಪ್ಪ ಬಳಸು. ಉದ್ದಿನ ಕಾಳಿನಷ್ಟು ಸಾಕು, ಅಂಗೈಯಲ್ಲಿ ತಿಕ್ಕಿ ಕರಗಿಸಿ ಮೆತ್ತಗೆ ಒತ್ತು. ಮೊಡವೆ ಏಳುವ ಮುಖವಾದರೆ ಅದೂ ಬೇಡ. ಎದ್ದ ಸಿಪ್ಪೆ ಕೀಳಬೇಡ, ಗುಳ್ಳೆ ಒಡೆಯಬೇಡ. ಮುರುಗಲು ಹುಳಿ ನೀರು ಪಿತ್ತದ ಗಂದೆಗೆ ಹಚ್ಚುತ್ತಾರೆ, ಇದಕ್ಕಲ್ಲ. ಅದನ್ನು ಪಾನಕ ಮಾಡಿ ಕುಡಿ. ನೀರಂತೂ ಜಾಸ್ತಿ ಕುಡಿ.

ಮೇಲೆ ಒಬ್ಬರು ಬೆಟ್ನೋವೇಟ್ ಹಚ್ಚು ಅಂದಿದ್ದಾರೆ. ದಯವಿಟ್ಟು ಹೀಗೆ ಹೇಳಬೇಡಿ. ಅದು ಜೋರು ಸ್ಟೆರಾಯ್ಡ್. ಡಾಕ್ಟರು ಹೇಳದೆ ಮುಖಕ್ಕೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ.

ಜ್ವರ, ಚಳಿ, ವಾಂತಿ, ತಲೆ ಸುತ್ತು, ಕಣ್ಣು ನೋವು, ಮುಖ ತುಂಬ ಗುಳ್ಳೆ, ಇದರಲ್ಲಿ ಒಂದು ಕಂಡರೂ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗು. ಚಿಕ್ಕ ಮಕ್ಕಳಿಗೆ ಆದರೆ ಕಾಯಲೇಬೇಡಿ. ಇನ್ನೊಂದು ಮಾತು. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರೆ ಸ್ವಲ್ಪ ಬಿಸಿಲಿಗೂ ಸುಡುತ್ತದೆ. ಮಾತ್ರೆ ನಿಲ್ಲಿಸಬೇಡಿ, ಗಾಳಕ್ಕೆ ಹೋಗೋದು ನಿಲ್ಲಿಸಿ.

ಕ್ಯಾಪ್ ಹಾಕಿದ್ದೆ ಅಂದೆಯಲ್ಲ. ಕ್ಯಾಪು ಕಿವಿ, ಕುತ್ತಿಗೆ ಮುಚ್ಚೋದಿಲ್ಲ. ಮರಳು, ನೊರೆಯಿಂದ ಬಿಸಿಲು ಕೆಳಗಿಂದಲೂ ಹೊಡೆಯುತ್ತದೆ. ನಿನ್ನ ಫೋಟೋದಲ್ಲಿ ಗದ್ದದ ಅಡಿಯೇ ಜಾಸ್ತಿ ಕೆಂಪಾಗಿದೆ, ನೋಡು. ಅಗಲ ಅಂಚಿನ ಟೊಪ್ಪಿ, ಕುತ್ತಿಗೆಗೆ ಹತ್ತಿ ಪಂಜಿ ಬೇಕು. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಇದ್ದರೆ ಸಾಕು, ದುಬಾರಿ ಡಬ್ಬಿ ಬೇಡ. ಆದರೆ ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಡಲೆ ಕಾಳಿನಷ್ಟು ಹಚ್ಚಿ ಬೈಯುವವರನ್ನು ಬಹಳ ನೋಡಿದ್ದೇನೆ. ಸುಟ್ಟು ಗುಳ್ಳೆ ಎದ್ದ ಜಾಗಕ್ಕೆ ಅದನ್ನೂ ಹಚ್ಚಬೇಡ, ನೆರಳಲ್ಲಿರು.

ದಂಡೆಯಲ್ಲೇ ಮೀನು ಹೆಚ್ಚಿ ಕೈ ವಾಸನೆಗೆ ಲಿಂಬು ತಿಕ್ಕುವವರೂ ಕೇಳಿ. ಅಂಗೈ ಹಿಂಭಾಗದಲ್ಲಿ ಮೂಡುವ ಕಂದು ಕಲೆ ಇದರಿಂದಲೇ ಇರಬಹುದು. ಹುಣಸೆ ಹಣ್ಣು ತಿಕ್ಕಿ ಸಾಬೂನು ಹಾಕಿ ತೊಳೆಯಿರಿ. ಲಿಂಬು ಮನೆಗೆ ಹೋಗಿ ಮೀನಿಗೆ ಹಿಂಡಿ.

ತಮ್ಮಾ, ಈ ಭಾನುವಾರ ಬರಬೇಡ. ಕೆಂಪು ಪೂರ್ತಿ ಇಳಿದ ಮೇಲೆ ಬೆಳಿಗ್ಗೆ ಆರಕ್ಕೆ ಕೋಡಿಬಾಗಕ್ಕೆ ಬಾ. ಒಂಬತ್ತೂವರೆಗೆ ಗಾಳ ಸುತ್ತಿ ಎದ್ದುಬಿಡೋಣ. ನಾಳೆ ಸಂಜೆ ಮುಖದ ಫೋಟೋ ಇಲ್ಲೇ ಹಾಕು, ಗೆರೆ ಎದ್ದಿದೆಯಾ ನೋಡಬೇಕು.