ಎಂ.ಎಸ್ಸಿ. ಮುಗಿಸಿದ ಮೇಲೂ ಮತ್ತೆ ಓದಬೇಕಾ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮಲೆನಾಡಿನ ಕಡೆಯವರು, ವಯಸ್ಸು 34. ಮಂಗಳೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಮಾಡಿ, ಅಮೆರಿಕದ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ, ಈಗ ಅಲ್ಲಿನ ಟೆಕ್ಸಾಸ್‌ನಲ್ಲಿ ಐಸಿಯು ನರ್ಸ್. ಸಲಹೆ ಕೇಳಲು ನನಗೆ ಮಾಡಿದ ವಿಡಿಯೊ ಕಾಲ್‌ನಲ್ಲಿ ಅವರ ಮೊದಲ ಮಾತೇ, "ಮೇಡಂ, ನಿದ್ದೆ ಬರ್ತಿಲ್ಲ." ನೈಟ್ ಶಿಫ್ಟ್‌ನಿಂದ ಇರಬೇಕು ಅಂದುಕೊಂಡೆ. ಅಲ್ಲ.

ತಮ್ಮ ಎಂ.ಎಸ್ಸಿ. ತೋರಿಸಿದರೆ ಅಲ್ಲಿ ನರ್ಸ್ ಪ್ರಾಕ್ಟೀಷನರ್ (ನರ್ಸ್‌ಗಿಂತ ಮೇಲಿನ ಹುದ್ದೆ) ಲೈಸೆನ್ಸ್ ಸಿಗುತ್ತದೆ ಎಂದು ನಂಬಿದ್ದರು. ಸಿಗುವುದಿಲ್ಲ ಎಂದು ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ಊರಿನಿಂದ ಅಪ್ಪ ಫೋನ್ ಮಾಡಿದಾಗೆಲ್ಲ "ಅರ್ಜಿ ಹಾಕಿದೀನಿ" ಅನ್ನುತ್ತಿದ್ದರು. "ತೋಟದ ಮೇಲೆ ಸಾಲ ಮಾಡಿ ಓದಿಸಿದ್ರು ಮೇಡಂ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು."

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಸುಮ್ನೆ ಧೈರ್ಯ ತುಂಬಿದರೆ ಇನ್ನೊಂದು ಸುಳ್ಳು ಸೇರಿಸಿದ ಹಾಗೆ, ಅಲ್ವಾ? ಲೈಸೆನ್ಸ್ ಯಾಕೆ ಸಿಗಲಿಲ್ಲ ಎಂದು ಅವರ ಬಾಯಲ್ಲೇ ಹೇಳಿಸಿದೆ. ನಮ್ಮ ಎಂ.ಎಸ್ಸಿ. ಓದಿದವರಲ್ಲಿ ಬಹಳ ಮಂದಿ ಪಾಠ ಮಾಡಲು ಹೋಗುತ್ತಾರೆ. ಅಲ್ಲಿನ ಪ್ರಾಕ್ಟೀಷನರ್ ರೋಗಿಯನ್ನು ಪರೀಕ್ಷಿಸಿ, ರೋಗ ಗುರುತಿಸಿ, ಔಷಧಿ ಬರೆಯುತ್ತಾರೆ. ಟೆಕ್ಸಾಸ್‌ನಲ್ಲಿ ಔಷಧಿ ಬರೆಯಲು ವೈದ್ಯರ ಜೊತೆ ಲಿಖಿತ ಒಪ್ಪಂದವೂ ಬೇಕು. ಆ ಕೆಲಸಕ್ಕೆ ತಕ್ಕ ಓದೇ ಬೇರೆ. ಪ್ಯಾಥೋಫಿಸಿಯಾಲಜಿ (ರೋಗದಿಂದ ದೇಹದಲ್ಲಾಗುವ ಬದಲಾವಣೆ), ಫಾರ್ಮಕಾಲಜಿ (ಔಷಧಿಗಳ ಓದು), ರೋಗಿಯ ತಪಾಸಣೆ, ಈ ಮೂರೂ ಉನ್ನತ ಮಟ್ಟದ ಪ್ರತ್ಯೇಕ ವಿಷಯಗಳು. ಆ ಪಾತ್ರದಲ್ಲೇ ನೂರಾರು ಗಂಟೆ ಕ್ಲಿನಿಕಲ್ ತರಬೇತಿ. ಆಮೇಲೆ ರಾಷ್ಟ್ರೀಯ ಸರ್ಟಿಫಿಕೇಷನ್ ಪರೀಕ್ಷೆ. ಕೊನೆಗೆ ರಾಜ್ಯದ ನರ್ಸಿಂಗ್ ಬೋರ್ಡ್ ಲೈಸೆನ್ಸ್. ಹೇಳುತ್ತಾ ಹೇಳುತ್ತಾ ಅವರೇ ಅಂದರು: "ಅಂದ್ರೆ ನಾನು ಫೇಲ್ ಆಗಿಲ್ಲ. ಆ ಕೋರ್ಸ್ ಮಾಡೇ ಇಲ್ಲ." ಆ ದಿನ ಅಷ್ಟು ಸಾಕಿತ್ತು.

ಎರಡನೇ ಸಲ ಲೆಕ್ಕಾಚಾರಕ್ಕೆ ಕೂತೆವು. ನರ್ಸ್ ಪ್ರಾಕ್ಟೀಷನರ್ ಆಗಲು, ಮಾಸ್ಟರ್ಸ್ ಮುಗಿಸಿದವರಿಗೆಂದೇ ಚಿಕ್ಕದಾದ ಸರ್ಟಿಫಿಕೇಟ್ ಕೋರ್ಸ್ ಇದೆ. ಭಾರತದ ಪದವಿಯನ್ನು ಅದಕ್ಕೆ ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯಗಳನ್ನೇ ಕೇಳಿ ಎಂದೆ. ಕೋರ್ಸಿಗೆ ಮಾನ್ಯತೆ ಇದೆಯೇ, ತರಬೇತಿ ಕೊಡುವ ಪ್ರಿಸೆಪ್ಟರ್‌ ಅನ್ನು ಕಾಲೇಜೇ ಹುಡುಕಿಕೊಡುತ್ತದೆಯೇ, ಇದನ್ನು ಫೀಸ್ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಬೇಕು. ಪ್ರಿಸೆಪ್ಟರ್ ಸಿಗದೆ ಅರ್ಧಕ್ಕೇ ನಿಲ್ಲುವವರೂ ಇದ್ದಾರೆ. ಆಸ್ಪತ್ರೆ ಓದಿನ ಖರ್ಚಿನಲ್ಲಿ ಎಷ್ಟು ಭರಿಸುತ್ತದೆ ಎಂದೂ ಕೇಳಲಿ.

ಗೆಳತಿಯರೆಲ್ಲ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಓದುತ್ತಿದ್ದಾರೆಂದು ಇವರೂ ಅದಕ್ಕೇ ಹೊರಟಿದ್ದರು. ಆದರೆ ವೆಂಟಿಲೇಟರ್ ಮಾತು ಬಂದರೆ ಇವರ ಮುಖವೇ ಅರಳುತ್ತದೆ! ಫ್ಯಾಮಿಲಿ ಓದು ಕ್ಲಿನಿಕ್ಕಿನ ಕೆಲಸಕ್ಕೆ. ಐಸಿಯು ರೋಗಿಗಳನ್ನು ನೋಡಲು ಅಕ್ಯೂಟ್ ಕೇರ್ (ತೀವ್ರ ಅನಾರೋಗ್ಯದವರ ಆರೈಕೆ) ಓದಬೇಕು. ಲೈಸೆನ್ಸ್ ಬರುವುದೂ ಓದಿದ ವಿಭಾಗಕ್ಕೆ ಮಾತ್ರ. ಆಮೇಲೆ ಬದಲಿಸಬೇಕಾದರೆ ಮತ್ತೆ ಓದಬೇಕು.

ಇದಕ್ಕಿಂತ ಕಷ್ಟದ ಕೆಲಸ ಒಂದಿತ್ತು. ಮೊದಲು ಗಂಡನಿಗೆ, ಆಮೇಲೆ ಅಪ್ಪನಿಗೆ ನಿಜ ಹೇಳುವುದು. ಗಂಡ ಸ್ವಲ್ಪ ಹೊತ್ತು ಸಿಟ್ಟಾದರಂತೆ. ಓದಿಗಲ್ಲ, ಮುಚ್ಚಿಟ್ಟದ್ದಕ್ಕೆ.

ಒಂದು ವಿಶ್ವವಿದ್ಯಾಲಯ ಆಗುವುದಿಲ್ಲ ಎಂದಿದೆ. ಇನ್ನೊಂದು ಎಂ.ಎಸ್ಸಿ. ಸಿಲೆಬಸ್‌ನ ದೃಢೀಕೃತ ಪ್ರತಿ ಕೇಳಿದೆ. ಅದನ್ನು ತರಲು ಅಪ್ಪ ಹೋದ ವಾರ ಬಸ್ ಹತ್ತಿ ಮಂಗಳೂರಿಗೆ ಹೋಗಿಬಂದರಂತೆ. ಆ ದಿನ ಕಾಲೇಜಿಗೆ ರಜೆ. ಸೋಮವಾರ ಮತ್ತೆ ಹೋಗುತ್ತಾರೆ.