ಚರ್ಚ್ ಕಿಟಕಿಯ ಬಣ್ಣದ ಗಾಜಿನಲ್ಲಿ ಬೈಬಲ್ ವ್ಯಕ್ತಿಗಳ ಮುಖ ಹೇಗೆ ಮೂಡಿಸುತ್ತಾರೆ? ಕೆಲವು ಮುಖಗಳು ಅಳಿಸಿಹೋಗುವುದೇಕೆ?

ಮುಖವನ್ನು ಗಾಜಿನ ಮೇಲೆ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಸುಡುವಾಗ ಕಾವು ಸಾಲದಿದ್ದರೆ ಗೆರೆಗಳು ಕಾಲಕ್ರಮೇಣ ಉದುರುತ್ತವೆ.

ನಿಲುವಂಗಿಯ ನೀಲಿ ಬಳಿದ ಬಣ್ಣವಲ್ಲ. ಗಾಜು ಕರಗಿರುವಾಗಲೇ ಕೋಬಾಲ್ಟ್ ಬೆರೆಸಿ ತಂದದ್ದು. ಅದಕ್ಕೇ ಅದು ಮಾಸುವುದಿಲ್ಲ. ಕಣ್ಣು, ಗಡ್ಡ, ಬಟ್ಟೆಯ ಮಡಿಕೆಗಳ ಕಥೆ ಬೇರೆ. ಅವಕ್ಕೆ ಬಳಸುವುದು ಕಂದುಗಪ್ಪು ಬಣ್ಣ: ಬೇಗ ಕರಗುವ ಗಾಜಿನ ಪುಡಿ ಮತ್ತು ಕಬ್ಬಿಣ ಇಲ್ಲವೇ ತಾಮ್ರದ ಆಕ್ಸೈಡನ್ನು ನುಣ್ಣಗೆ ಅರೆದು, ಅಂಟುನೀರಿನಲ್ಲಿ ಕಲಸಿದ್ದು. ತೆಳುವಾಗಿ ಬಳಿದು ಒಣಗಿದ ಮೇಲೆ ಕಡ್ಡಿಯ ತುದಿಯಿಂದ ಕೆರೆದರೆ, ಕೆರೆದಲ್ಲೆಲ್ಲ ಬೆಳಕು ತೂರಿ ಗಡ್ಡದ ಒಂದೊಂದು ಕೂದಲೂ ಹೊಳೆಯುತ್ತದೆ. ಈ ಕೈಚಳಕ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು.

ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣದೊಳಗಿನ ಗಾಜಿನ ಪುಡಿ ಕರಗಿ, ಕೆಳಗಿನ ಗಾಜಿನೊಂದಿಗೆ ಬೆಸೆದುಕೊಳ್ಳುತ್ತದೆ. ಕಾವು ಹೆಚ್ಚಾದರೆ ಗೆರೆ ಮಂಕಾಗುತ್ತದೆ, ಗಾಜೇ ಬಾಗಬಹುದು. ಕಡಿಮೆಯಾದರೆ ಪುಡಿ ಅರೆಬರೆ ಅಂಟಿಕೊಂಡಿರುತ್ತದೆ. ಬಣ್ಣ ಹೆಚ್ಚಾಗಿ ಕಿಟಕಿಯ ಒಳಮೈಯಲ್ಲೇ ಇರುವುದರಿಂದ, ಚಳಿಯಲ್ಲಿ ಅಲ್ಲಿ ಕೂರುವ ನೀರಹನಿಗಳು ಅದನ್ನು ಮೆಲ್ಲನೆ ಬಿಡಿಸುತ್ತವೆ.

ಸರಿಯಾಗಿ ಬೆಂದರೆ ಎಷ್ಟು ಬಾಳುತ್ತದೆ ಎಂಬುದಕ್ಕೆ ಜರ್ಮನಿಯ ಔಗ್ಸ್‌ಬರ್ಗ್ ಕಥೀಡ್ರಲ್ ನೋಡಿ. ಅಲ್ಲಿನ ದಾನಿಯೇಲ, ಯೋನ, ಹೋಶೇಯ, ದಾವೀದರ ಕಿಟಕಿಗಳಿಗೆ ಸುಮಾರು 900 ವರ್ಷ.

ಹಳೆಯ ಕಿಟಕಿಯನ್ನು ಒದ್ದೆ ಬಟ್ಟೆಯಿಂದ ಎಂದೂ ಉಜ್ಜಬೇಡಿ. ಸಡಿಲಗೊಂಡ ಮುಖ ಒಂದೇ ಒರೆಸಿಗೆ ಹೋಗಿಬಿಡುತ್ತದೆ.